ಮಾಲೀಕನ ಪಾಲು ಕಳೆದು ಎಷ್ಟು?

ಕಳೆದ ಭಾನುವಾರ ಮುಂಬೈಯ ಮಾಟುಂಗದ ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆ ವಾರವಾದರೂ ತಲೆಯಿಂದ ಇಳಿದಿಲ್ಲ. ವೇದಿಕೆಯ ಮೇಲೆ ಮೂವರು ಕೂತಿದ್ದರು. ಮೂವರೂ ಕನ್ನಡದವರು, ಪುಣೆ-ಮುಂಬೈ ಕಡೆ ಸಾಫ್ಟ್‌ವೇರ್ ಕಂಪನಿ ಕಟ್ಟಿ ಮಾರಿದವರು. ನಿರೂಪಕ ಹುಡುಗ ಚುರುಕಾಗಿದ್ದ, ಆದರೆ ‘ಮಾರಾಟ’ ಅನ್ನುವ ಪದ ಯಾರ ಬಾಯಿಂದಲೂ ಬರದಂತೆ ಕಾವಲು ಕೂತವನ ಹಾಗಿದ್ದ. ಅದು ಬರಬೇಕಾದ ಕಡೆಯಲ್ಲೆಲ್ಲ ‘ಎಕ್ಸಿಟ್’, ‘ಮುಂದಿನ ಅಧ್ಯಾಯ’. ಒಬ್ಬರಂತೂ “ನಾವು ಮಾರಲಿಲ್ಲ, ಕೈಜೋಡಿಸಿದೆವು” ಅಂದರು. ನೂರಕ್ಕೆ ನೂರು ಷೇರು ವರ್ಗಾವಣೆಯಾದ ಮೇಲೆ ಇದೆಂಥ ಕೈಜೋಡಿಕೆಯೋ.

ಮೂರನೆಯವ ಹುಬ್ಬಳ್ಳಿ ಹುಡುಗ. ಪುಣೆಯ ಬಾಣೇರ್‌ನಲ್ಲಿ ಕೂತು ಗೋದಾಮುಗಳ ಸರಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿ, ದೊಡ್ಡ ಕಂಪನಿಯೊಂದಕ್ಕೆ ಕೊಟ್ಟವನು. ಅವನ ಮಾತು ಮುಗಿಯುತ್ತಿದ್ದ ಹಾಗೆ ಮೂರನೇ ಸಾಲಿನಲ್ಲಿದ್ದ, ದಾದರ್ ಕಡೆ ಹೋಟೆಲ್ ನಡೆಸಿ ಈಚೆಗೆ ಬಿಟ್ಟುಕೊಟ್ಟ ಹಿರಿಯರೊಬ್ಬರು ಎದ್ದರು. ಮೈಕು ಬರುವವರೆಗೂ ಕಾಯಲಿಲ್ಲ.

“ಅದೆಲ್ಲ ಸರಿ ಮಾರಾಯ. ಮಾಲೀಕನ ಪಾಲು ಕಳೆದು ಕೈಗೆ ಎಷ್ಟು ಬಂತು?”

ಸಭೆ ನಕ್ಕಿತು. ಹುಡುಗನೂ ನಕ್ಕ. ಆಮೇಲೆ ಸ್ವಲ್ಪ ತಡೆದು, “ಇನ್ನೂ ಬರಾಕತ್ತೈತ್ರಿ ಮಾಮಾ” ಅಂದ. ಸಭೆ ಇನ್ನೂ ಜೋರಾಗಿ ನಕ್ಕಿತು. ನಿರೂಪಕ ತಕ್ಷಣ ಕೃತಕ ಬುದ್ಧಿಮತ್ತೆಗೆ ಹಾರಿದ.

ನಗುವ ಮಾತೇ ಆಗಿರಲಿಲ್ಲ ಅದು. ಆ ಸಂಜೆ ಬಂದ ಪ್ರಶ್ನೆಗಳಲ್ಲಿ ವ್ಯವಹಾರ ಬಲ್ಲವರು ಕೇಳುವಂಥದ್ದು ಅದೊಂದೇ, ಉತ್ತರಗಳಲ್ಲಿ ಪ್ರಾಮಾಣಿಕವಾದದ್ದೂ ಅದೊಂದೇ.

ಮುಂಬೈಯ ಹಳೆಯ ಹೋಟೆಲ್ ಮಾರುವುದು ಹೇಗೆಂದು ಬಲ್ಲವರಿಗೆ ಆ ಹಿರಿಯರ ಮಾತು ಕೂಡಲೇ ಹೊಳೆಯುತ್ತದೆ. ಜಾಗ ಪಗಡಿಯದು, ಅಂದರೆ ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಹಕ್ಕು ಪಡೆದದ್ದು. ಹೋಟೆಲಿನವನು ಬಾಡಿಗೆದಾರ, ಕಟ್ಟಡದ ಮಾಲೀಕ ಬೇರೆ. ಬಾಡಿಗೆ ಹಕ್ಕು ಕೈ ಬದಲಾಗುವಾಗ ಬರುವ ಪಗಡಿ ಹಣದಲ್ಲಿ ಮಾಲೀಕನಿಗೆ ಪಾಲು, ರೂಢಿಯಲ್ಲಿ ಮೂರನೇ ಒಂದರ ಆಸುಪಾಸು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಈ ಲೇವಾದೇವಿಯನ್ನು ಒಪ್ಪಿಕೊಂಡಿದೆ. ಅದಾದ ಮೇಲೆ ದಿನಸಿ ಅಂಗಡಿಯ ಬಾಕಿ, ಹಾಲಿನವನ ಬಾಕಿ, ಹುಡುಗರ ಗ್ರಾಚ್ಯುಟಿ. ಕೊನೆಗೆ ಉಳಿದದ್ದು ಗಲ್ಲಾದಲ್ಲಿ ಕೂತವನದು. ಹಾಗಾಗಿ ಹೋಟೆಲ್ ಎಷ್ಟಕ್ಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ, ಕೈಗೆ ಎಷ್ಟು ಬಂತು ಅಂತಲೇ ಕೇಳುತ್ತಾರೆ.

ಸ್ಟಾರ್ಟಪ್‌ನಲ್ಲಿ ಆ ಮಾಲೀಕನ ಜಾಗದಲ್ಲಿ ಹೂಡಿಕೆದಾರ ಕೂತಿರುತ್ತಾನೆ. ನಮ್ಮಲ್ಲಿ ಅವನು ಸಾಮಾನ್ಯವಾಗಿ ಮುಂದೆ ಕಡ್ಡಾಯವಾಗಿ ಈಕ್ವಿಟಿಗೆ, ಅಂದರೆ ಸಾಮಾನ್ಯ ಷೇರಿಗೆ, ಬದಲಾಗುವ ಪ್ರಿಫರೆನ್ಸ್ ಷೇರು ತೆಗೆದುಕೊಳ್ಳುತ್ತಾನೆ. ಜೊತೆಗೆ ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಅನ್ನುವ ಕಲಮು. ಹೆಸರು ಕೇಳಿದರೆ ಕಂಪನಿ ಮುಳುಗಿದಾಗಿನ ಮಾತು ಅನ್ನಿಸುತ್ತದೆ, ಅದಕ್ಕೇ ಎಷ್ಟೋ ಹುಡುಗರು ಅದನ್ನು ದಾಟಿ ಕಂಪನಿಯ ಬೆಲೆ ಬರೆದಿರುವ ಸಾಲಿಗೆ ಹೋಗಿಬಿಡುತ್ತಾರೆ. ಆದರೆ ಕಂಪನಿಯನ್ನು ಮಾರಿದರೂ ಅದನ್ನು ಲಿಕ್ವಿಡೇಶನ್ ಎಂದೇ ಎಣಿಸಬೇಕು ಅಂತ ಷೇರುದಾರರ ಒಪ್ಪಂದದಲ್ಲಿ ಬರೆದಿರುತ್ತದೆ. ಅಂದರೆ ಮಾರಿದ ದಿನ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರುವವನು ಹೂಡಿಕೆದಾರ.

ಆ ಹುಡುಗನ ಅಂಕಿ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವಂತಿಲ್ಲ. ಲೆಕ್ಕಕ್ಕೆ ನೂರು ಕೋಟಿ ಅಂತಲೇ ಇಟ್ಟುಕೊಳ್ಳೋಣ. ಇಬ್ಬರು ಸ್ಥಾಪಕರು, ತಲಾ 25 ಪರ್ಸೆಂಟ್. ಎರಡು ಸುತ್ತಿನಲ್ಲಿ 30 ಕೋಟಿ ಹಾಕಿದ ಹೂಡಿಕೆದಾರರದು 40. ನೌಕರರಿಗೆ ಎತ್ತಿಟ್ಟ ಷೇರು, ಇಸಾಪ್ ಅನ್ನುತ್ತಾರಲ್ಲ, ಅದು 10. ಬಾಯಿಲೆಕ್ಕದಲ್ಲಿ ಒಬ್ಬ ಸ್ಥಾಪಕನಿಗೆ 25 ಕೋಟಿ ಬರಬೇಕು. ಊರಲ್ಲಿ ನೆಂಟರು ಹಾಕುವ ಲೆಕ್ಕವೂ ಅದೇ.

ಈಗ ಕಳೆಯುತ್ತ ಬನ್ನಿ. ಕಂಪನಿಯ ಸಾಲ 6 ಕೋಟಿ, ವಕೀಲರು ಮತ್ತು ಮಾರಾಟ ಕುದುರಿಸಿದ ಬ್ಯಾಂಕರ್ ಸೇರಿ 4 ಕೋಟಿ. ಉಳಿದದ್ದು 90. ಹೂಡಿಕೆದಾರರ ಪ್ರಿಫರೆನ್ಸ್ ಒಂದು ಪಟ್ಟು, ಆದರೆ ‘ಪಾರ್ಟಿಸಿಪೇಟಿಂಗ್’. ಹಾಗೆಂದರೆ ಹಾಕಿದ 30 ಕೋಟಿ ಮೊದಲು ಎತ್ತಿಕೊಂಡು, ಉಳಿದ 60ರಲ್ಲಿ ಮತ್ತೆ ತಮ್ಮ 40 ಪರ್ಸೆಂಟಿಗೆ ಕೈಯೊಡ್ಡುತ್ತಾರೆ. ಅವರಿಗೆ ಒಟ್ಟು 54. ಸ್ಥಾಪಕನಿಗೆ 15. ಅದೇ ಕಲಮಿನಲ್ಲಿ ‘ನಾನ್’ ಅನ್ನುವ ಎರಡಕ್ಷರ ಸೇರಿದ್ದರೆ ಹೂಡಿಕೆದಾರ 30 ಕೋಟಿ ಅಥವಾ 40 ಪರ್ಸೆಂಟ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಅವನು 36 ತೆಗೆದುಕೊಳ್ಳುತ್ತಿದ್ದ, ಸ್ಥಾಪಕನಿಗೆ ಇಪ್ಪತ್ತೆರಡೂವರೆ ಬರುತ್ತಿತ್ತು. ಎರಡಕ್ಷರಕ್ಕೆ ತಲಾ ಏಳೂವರೆ ಕೋಟಿ. ಅದೇ ಕಂಪನಿ 40 ಕೋಟಿಗೆ ಹೋಗಿದ್ದರೆ? ಹತ್ತು ಕೋಟಿ ಸಾಲ-ಖರ್ಚಿಗೆ, ಮೂವತ್ತು ಹೂಡಿಕೆದಾರರಿಗೆ, ಸ್ಥಾಪಕರಿಗೆ ಸೊನ್ನೆ. ಪತ್ರಿಕೆಯಲ್ಲಿ ಮಾತ್ರ ಆಗಲೂ ‘ನಲವತ್ತು ಕೋಟಿಗೆ ಮಾರಾಟ’ ಅಂತಲೇ ಬರುತ್ತದೆ, ಹಾರ ಹಾಕಿದ ಫೋಟೋ ಸಮೇತ.

‘ಬರಾಕತ್ತೈತಿ’ ಅನ್ನುವುದು ಇನ್ನು ಮುಂದಿನ ಕಥೆ. ಆ 15 ಕೋಟಿಯಲ್ಲಿ ಒಂದಷ್ಟು, 15 ಪರ್ಸೆಂಟ್ ಅಂದುಕೊಂಡರೆ 2.25 ಕೋಟಿ, ಎಸ್ಕ್ರೋ ಖಾತೆಯಲ್ಲಿ, ಅಂದರೆ ಮೂರನೆಯವರ ಸುಪರ್ದಿಯಲ್ಲಿ, ಕೂರುತ್ತದೆ. ಹಳೆಯ ಜಿಎಸ್‌ಟಿ ಬಾಕಿಯೋ ಪಿಎಫ್ ನೋಟಿಸೋ ಬಂದರೆ ಕೊಂಡವನು ಅದರಿಂದಲೇ ಮುರಿದುಕೊಳ್ಳುತ್ತಾನೆ, ಏನೂ ಬರದಿದ್ದರೆ ಒಂದು ಒಂದೂವರೆ ವರ್ಷದ ಮೇಲೆ ಬಿಡುತ್ತಾನೆ. ಇನ್ನೊಂದು 4 ಕೋಟಿ ‘ಅರ್ನ್‌ಔಟ್’. ಮುಂದಿನ ಎರಡು ಮೂರು ವರ್ಷ ಇಂತಿಷ್ಟು ವ್ಯಾಪಾರ ತೋರಿಸಿದರೆ ಮಾತ್ರ ಸಿಗುವ ಹಣ. ವ್ಯಾಪಾರ ತೋರಿಸಬೇಕಾದವನು ನೀನು, ಬೆಲೆಪಟ್ಟಿ ಅವರದು, ಸೇಲ್ಸ್ ತಂಡ ಅವರದು, ಬಜೆಟ್ಟಿಗೆ ಸಹಿ ಹಾಕುವ ಪೆನ್ನು ಅವರದು. ಅರ್ನ್‌ಔಟ್ ಜಗಳಗಳು ಹುಟ್ಟುವುದೇ ಇಲ್ಲಿ. ಹೊಸ ಧಣಿ ನಿನ್ನ ಸರಕನ್ನು ತನ್ನ ದೊಡ್ಡ ಪ್ಯಾಕೇಜಿನೊಳಗೆ ಪುಕ್ಕಟೆ ಸೇರಿಸಿಬಿಟ್ಟರೆ ನಿನ್ನ ಹೆಸರಿನ ವರಮಾನ ಯಾವುದು ಅಂತ ತೋರಿಸುವುದು ಹೇಗೆ? ವರಮಾನವನ್ನು ಯಾವ ಲೆಕ್ಕಪದ್ಧತಿಯಲ್ಲಿ ಅಳೆಯಬೇಕು, ಪ್ಯಾಕೇಜಿನಲ್ಲಿ ಪಾಲು ಹಂಚುವುದು ಹೇಗೆ, ತಂಡ ಒಡೆದರೆ ಏನು ಅನ್ನುವುದನ್ನು ಉದಾಹರಣೆಯ ಅಂಕಿಗಳ ಸಮೇತ ಒಪ್ಪಂದಕ್ಕೆ ಅಂಟಿಸಿದವರು ಪಾರಾಗುತ್ತಾರೆ. ಉಳಿದವರು ಇಮೇಲ್ ಬರೆಯುತ್ತ ಕೂರುತ್ತಾರೆ.

ಅಲ್ಲಿಗೆ ಮೊದಲ ದಿನ ಕೈಗೆ 8.75 ಕೋಟಿ. ಇನ್ನು ತೆರಿಗೆ. ಶೇರುಪೇಟೆಯಲ್ಲಿ ನೋಂದಾಯಿಸದ ಷೇರನ್ನು 24 ತಿಂಗಳು ಮೀರಿ ಇಟ್ಟುಕೊಂಡಿದ್ದರೆ 2024ರ ಜುಲೈ 23ರಿಂದ ಲಾಭದ ಮೇಲೆ ಹನ್ನೆರಡೂವರೆ ಪರ್ಸೆಂಟ್. ಆ ತೆರಿಗೆಯ ಮೇಲೆ ಸರ್ಚಾರ್ಜ್ 15 ಪರ್ಸೆಂಟ್, ಅದೆರಡರ ಮೇಲೆ ಸೆಸ್ 4 ಪರ್ಸೆಂಟ್ ಕೂಡಿದರೆ ಹೆಚ್ಚುಕಡಿಮೆ 15 ಪರ್ಸೆಂಟಿಗೆ ಬಂದು ನಿಲ್ಲುತ್ತದೆ. ತೊಡಕು ಏನೆಂದರೆ, ಮುಂದೆ ಬರಬೇಕಾದ ಹಣಕ್ಕೂ ಷೇರು ಕೈ ಬದಲಾದ ವರ್ಷವೇ ತೆರಿಗೆ ಕಟ್ಟಬೇಕೇ ಅನ್ನುವುದು ಹಳೆಯ ವ್ಯಾಜ್ಯ. ಅಂಜಿಕೆಯ ಲೆಕ್ಕಪರಿಶೋಧಕ ಪೂರ್ತಿ 15 ಕೋಟಿಗೂ ಕಟ್ಟಿಸಿದರೆ ಎರಡೂಕಾಲು ಕೋಟಿ ಹೋಗಿ ಉಳಿಯುವುದು ಆರೂವರೆ. ಮೇಲಾಗಿ, ‘ಕೆಲಸದಲ್ಲಿ ಇದ್ದರೆ ಮಾತ್ರ ಅರ್ನ್‌ಔಟ್’ ಅಂತ ಬರೆಸಿಕೊಂಡರೆ ಅದನ್ನು ಸಂಬಳ ಅನ್ನಲು ಇಲಾಖೆಗೆ ದಾರಿಯಾಗುತ್ತದೆ. ಆಗ ದರ 30ರ ಮೇಲೆ.

ಆರೂವರೆ ಕೋಟಿ ಸಣ್ಣದಲ್ಲ, ಒಪ್ಪಿದೆ. ಮಾಟುಂಗದಲ್ಲೇ ಮನೆ ಕೊಂಡರೆ ಬಹುಪಾಲು ಅಲ್ಲೇ ಮುಗಿದೀತು, ಅದು ಬೇರೆ. ಆದರೆ ನೂರಕ್ಕೂ ಆರೂವರೆಗೂ ನಡುವಿನ ದಾರಿಯನ್ನು ವೇದಿಕೆಯ ಮೇಲೆ ಯಾರೂ ಹೇಳಲಿಲ್ಲ. ಎದುರಿಗೆ ಕೂತಿದ್ದವರಲ್ಲಿ ಅರ್ಧ ಜನ ಕೆಲಸ ಬಿಟ್ಟು ಕಂಪನಿ ತೆರೆಯುವ ಹುಮ್ಮಸ್ಸಿನ ಹುಡುಗ ಹುಡುಗಿಯರು. ಅವರು ಬರೆದುಕೊಂಡು ಹೋದದ್ದು ‘ಛಲ ಬಿಡಬಾರದು’ ಅಂತ.

ಬೆಲೆಯನ್ನು ಹಣದ ಬದಲು ಕೊಂಡವರ ಷೇರಿನಲ್ಲಿ ತೆಗೆದುಕೊಂಡರೆ ಇನ್ನೊಂದು ಅಧ್ಯಾಯವೇ ತೆರೆಯುತ್ತದೆ. ಮುಂಬೈಯಲ್ಲಿ ಹುಟ್ಟಿದ, ಮೊಬೈಲ್ ರೀಚಾರ್ಜಿನ ಕಂಪನಿ ಫ್ರೀಚಾರ್ಜನ್ನು 2015ರಲ್ಲಿ ಆನ್‌ಲೈನ್ ಅಂಗಡಿ ಸ್ನ್ಯಾಪ್‌ಡೀಲ್ ಹಣ ಮತ್ತು ಷೇರು ಎರಡನ್ನೂ ಕೊಟ್ಟು ಕೊಂಡಿತು. ಪತ್ರಿಕೆಗಳು ಬರೆದ ಅಂಕಿ ಸುಮಾರು 40 ಕೋಟಿ ಡಾಲರ್. 2017ರಲ್ಲಿ ಅದೇ ಫ್ರೀಚಾರ್ಜ್ ಆಕ್ಸಿಸ್ ಬ್ಯಾಂಕಿಗೆ ಹೋದದ್ದು 385 ಕೋಟಿ ರೂಪಾಯಿಗೆ, ಅಂದರೆ ಮೊದಲ ಅಂಕಿಯ ಆರನೇ ಒಂದು ಭಾಗವೂ ಇಲ್ಲ. ನಡುವಿನ ಎರಡು ವರ್ಷದಲ್ಲಿ ಸ್ನ್ಯಾಪ್‌ಡೀಲಿನ ಬೆಲೆಯೂ ಕುಸಿದಿತ್ತು. ಎಣಿಸಿಕೊಂಡ ನೋಟು ಅಲ್ಲಿಗೆ ಮುಗಿಯಿತು, ಷೇರು ಹಿಡಿದವನು ಕೊಂಡವನ ಹಣೆಬರಹಕ್ಕೆ ತನ್ನದನ್ನೂ ಗಂಟು ಹಾಕಿಕೊಂಡ ಹಾಗೆ.

ಬೆಲೆ ಕುದುರಿದ ಮೇಲೂ ಕತ್ತರಿ ನಿಲ್ಲುವುದಿಲ್ಲ. ಡ್ಯೂ ಡಿಲಿಜೆನ್ಸ್ ಅಂತ ಒಂದೆರಡು ತಿಂಗಳು ಕಾಗದ ಜಾಲಾಡುತ್ತಾರೆ, ತೂತು ಸಿಕ್ಕಿದಲ್ಲೆಲ್ಲ ಎಸ್ಕ್ರೋ ಹಿಗ್ಗುತ್ತದೆ. ಹೆಚ್ಚು ಕಾಡುವ ತೂತು ಯಾವುದು ಗೊತ್ತೇ? ಮೊದಲ ವರ್ಷ ಗೆಳೆಯನ ಗೆಳೆಯನೊಬ್ಬ ಫ್ರೀಲಾನ್ಸ್ ಆಗಿ ಬರೆದುಕೊಟ್ಟ ಕೋಡು. ನೌಕರ ಕೆಲಸದ ಭಾಗವಾಗಿ ಬರೆದದ್ದು ಕಂಪನಿಯದು, ನಿಜ. ಹೊರಗಿನವನು ಬರೆದದ್ದಕ್ಕೆ ದುಡ್ಡು ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ, ಲಿಖಿತ ವರ್ಗಾವಣೆ ಬೇಕು. ಆ ಲಿಖಿತದಲ್ಲಿ ಅವಧಿ ಬರೆಯದಿದ್ದರೆ ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ಐದೇ ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ವಿದೇಶಿ ನಮೂನೆಯಲ್ಲಿ ಈ ಎರಡು ಸಾಲು ಇಲ್ಲದಿರುವುದೇ ಹೆಚ್ಚು. ಐದು ವರ್ಷದ ಮೇಲೆ ಆ ಫ್ರೀಲಾನ್ಸ್ ಹುಡುಗನನ್ನು ಬರ್ಲಿನ್‌ನಲ್ಲೋ ಟೊರಾಂಟೋದಲ್ಲೋ ಹುಡುಕಿ ಸಹಿ ಕೇಳಿದರೆ ಅವನೇನು ಬಿಟ್ಟಿ ಹಾಕುತ್ತಾನೆಯೇ? ಕಂಪನಿ ನೋಂದಣಿಗೆ ಮೊದಲು ಸ್ಥಾಪಕನೇ ಬರೆದ ಕೋಡಿಗೂ ಇದೇ ಗತಿ. ಡೊಮೇನ್ ಹೆಸರು ಅಣ್ಣನ ಕ್ರೆಡಿಟ್ ಕಾರ್ಡಿನಲ್ಲಿ, ಆ್ಯಪ್ ಸ್ಟೋರ್ ಖಾತೆ ಬಿಟ್ಟುಹೋದ ಪಾಲುದಾರನ ಇಮೇಲಿನಲ್ಲಿ. ಆ ಪಾಲುದಾರನ ಷೇರಿಗೆ ವೆಸ್ಟಿಂಗ್ ಕೂಡ, ಅಂದರೆ ಇಷ್ಟು ಕಾಲ ದುಡಿದರೆ ಮಾತ್ರ ಷೇರು ದಕ್ಕುತ್ತದೆ ಅನ್ನುವ ಕರಾರು, ಇಟ್ಟಿರುವುದಿಲ್ಲ. ಎಂಟು ತಿಂಗಳು ದುಡಿದು ಹೋದವನು 20 ಪರ್ಸೆಂಟ್ ಹಿಡಿದು ಕೂತಿರುತ್ತಾನೆ. ಈ ಯಾವುದೂ ಬುದ್ಧಿವಂತಿಕೆ ಬೇಡುವ ಕೆಲಸವಲ್ಲ, ಶುರುವಿನಲ್ಲಿ ಒಂದು ಶನಿವಾರ ಕೂತರೆ ಮುಗಿಯುತ್ತದೆ.

ಸಭೆ ಮುಗಿದು ಉಪ್ಪಿಟ್ಟು-ಶೀರಾ ಸಾಲಿನಲ್ಲಿ ಹಿರಿಯರು ಆ ಹುಡುಗನನ್ನು ಮತ್ತೆ ಹಿಡಿದರು. “ಮೊದಲಿಂದ ನಿನ್ನ ಒಟ್ಟಿಗೆ ದುಡಿದ ಮಕ್ಕಳಿಗೆ ಏನು ಕೊಟ್ಟೆ?” ಅಂದರು. ವೇದಿಕೆಯ ಮೇಲೆ ಇದನ್ನೂ ಯಾರೂ ಕೇಳಿರಲಿಲ್ಲ. ಹುಡುಗ ಪ್ಲೇಟು ಕೆಳಗಿಟ್ಟು ಉತ್ತರ ಕೊಟ್ಟ, ಆ ಬಗ್ಗೆ ನನಗೆ ಅವನ ಮೇಲೆ ಗೌರವ. ಆರು ಜನಕ್ಕೆ ವಾಟ್ಸಾಪಿನಲ್ಲಿ ಷೇರಿನ ಮಾತು ಕೊಟ್ಟಿದ್ದನಂತೆ, ಕಾಗದದಲ್ಲಿ ಬಂದದ್ದು ನಾಲ್ಕು ಜನಕ್ಕೆ. ಇಸಾಪ್ ಅಂದರೆ ಷೇರುದಾರರ ನಿರ್ಣಯ ಆಗಬೇಕು, ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಾಯಬೇಕು. ಮಾರಾಟದ ಮಾತು ಶುರುವಾದ ಮೇಲೆ ಅವಸರದಲ್ಲಿ ಬರೆದುಕೊಟ್ಟರೆ ವರ್ಷ ತುಂಬುವುದಿಲ್ಲ, ಕೊಂಡವನು ಒಪ್ಪುವುದೂ ಇಲ್ಲ. ಉಳಿದಿಬ್ಬರಿಗೆ ಅವನು ತನ್ನ ಪಾಲಿನಿಂದ ಕೊಟ್ಟನಂತೆ. ಎಷ್ಟು ಅಂತ ಹಿರಿಯರೂ ಕೇಳಲಿಲ್ಲ.

“ಪಕ್ಕದ ಗಲ್ಲಿಯಲ್ಲಿ ಇನ್ನೊಂದು ಹಾಕ್ಲಿಕ್ಕೆ ಬಿಡ್ತಾರಾ?” ಅಂದರು. ಇಲ್ಲ. ಗುಡ್‌ವಿಲ್, ಅಂದರೆ ಗಳಿಸಿದ ಹೆಸರು, ಸಮೇತ ವ್ಯಾಪಾರ ಮಾರಿದವನು ಗೊತ್ತುಪಡಿಸಿದ ಎಲ್ಲೆಯೊಳಗೆ ಅದೇ ವ್ಯಾಪಾರ ಮಾಡಬಾರದು ಅನ್ನುವ ಕರಾರು 1872ರ ಕರಾರು ಕಾಯ್ದೆಯಲ್ಲೇ ಊರ್ಜಿತ. ಹೋಟೆಲಿನವರು ಈ ಕಾನೂನನ್ನು ಓದದೆಯೂ ಬಲ್ಲರು.

ಹಿರಿಯರು ಕಾಫಿ ಲೋಟ ಹಿಡಿದು ಹೇಳಿದರು: “ನಂಗೂ ಕಡೇ ಕಂತು ಸತಾಯಿಸಿದ್ರು. ನಾನು ದಿನಾ ಸಂಜೆ ಹೋಗಿ ಅವರ ಗಲ್ಲಾ ಪಕ್ಕ ಕೂರ್ತಿದ್ದೆ. ಗಿರಾಕಿ ಎದುರು ನಾಚಿಕೆಯಾಗಿ ಕೊಟ್ರು. ನೀನು ಎಲ್ಲಿ ಹೋಗಿ ಕೂರ್ತಿ ಮಾರಾಯ?”

“ಅಲ್ಲೇ ಕುಂತೀನ್ರಿ ಮಾಮಾ” ಅಂದ ಹುಡುಗ. “ಮೂರು ವರ್ಷ ಏಳಂಗಿಲ್ಲ.”