ಸಾಕು ಅನ್ನುವ ಮಾತು: ಬಿಸಿಯೂಟದ ಬಕೆಟ್ಟಿನಿಂದ ಪರಿಸರ ಪಾಠ

ಶಾಲೆಯಲ್ಲಿ ಪರಿಸರ ಅಂದರೆ ಜೂನ್ 5ಕ್ಕೆ ಗಿಡ ನೆಟ್ಟು ಫೋಟೋ ತೆಗೆಯುವುದು. ದಯೆ ಅಂದರೆ ಪ್ರಾರ್ಥನೆ ಹೊತ್ತಿನ ಐದು ನಿಮಿಷದ ಭಾಷಣ. ಮನಸ್ಸಿನ ನೆಮ್ಮದಿಗೆ ಹೊರಗಿನಿಂದ ಯಾರೋ ಬಂದು ಒಂದು ದಿನ ಧ್ಯಾನ ಮಾಡಿಸಿ ಹೋಗುತ್ತಾರೆ. ಮೂರಕ್ಕೂ ಮೂರು ದಿನ, ಮೂರು ಫೈಲು. ಮಕ್ಕಳ ತಲೆಯಲ್ಲಿ ಇವು ಒಂದಕ್ಕೊಂದು ಅಂಟುವುದೇ ಇಲ್ಲ. ಮೂರೂ ದಿನಾ ಒಟ್ಟಿಗೆ ಸಿಗುವ ಜಾಗ ಶಾಲೆಯಲ್ಲಿ ಒಂದೇ, ಬಿಸಿಯೂಟದ ಸಾಲು. ಅದಕ್ಕೆ ಒಪ್ಪುವ ಪದವೂ ನಮ್ಮ ಬಾಯಲ್ಲೇ ಇದೆ: ಸಾಕು. ತಟ್ಟೆಯ ಮುಂದೆ ಹೇಳಿದರೆ ತೃಪ್ತಿ. ಕೋಳಿ, ಕರು, ಗಿಡದ ಮುಂದೆ ಹೇಳಿದರೆ ಪೋಷಣೆ. ಮಕ್ಕಳಿಗೆ ಇದನ್ನು ವಿವರಿಸಲು ಹೋಗಬೇಡಿ, ಒಮ್ಮೆ ಬೋರ್ಡಿನ ಮೇಲೆ ಬರೆದು ಸುಮ್ಮನಿರಿ.

ಇನ್ನು ಕೆಲಸ. 120 ಮಕ್ಕಳ ಹಿರಿಯ ಪ್ರಾಥಮಿಕ ಶಾಲೆ ಅಂದುಕೊಳ್ಳಿ. ಎರಡು ಬಕೆಟ್ಟು ಬೇಕು: ಅಡುಗೆಮನೆಯ ತರಕಾರಿ ಸಿಪ್ಪೆಗೆ ಒಂದು, ತಟ್ಟೆಯಲ್ಲಿ ಉಳಿದದ್ದಕ್ಕೆ ಇನ್ನೊಂದು. ಕೊಕ್ಕೆಗೆ ನೇತುಹಾಕುವ ತೂಕದ ಯಂತ್ರ, ಒಂದು ನೋಟ್‌ಬುಕ್ಕು. ಖಾಲಿ ಬಕೆಟ್ಟಿನ ತೂಕವನ್ನು ಮೊದಲೇ ಬರೆದಿಡಿ, ಎಷ್ಟೋ ಕಡೆ ಲೆಕ್ಕ ತಪ್ಪುವುದು ಇಲ್ಲೇ. ತಟ್ಟೆಯ ಬಕೆಟ್ಟಿನ ಮೇಲೆ ತೂತಿನ ಪಾತ್ರೆ ಇಟ್ಟು ಸಾರು ಸೋಸಿ ತೂಗಬೇಕು. ಇಲ್ಲದಿದ್ದರೆ ಸಾಂಬಾರು ತೆಳ್ಳಗಾದ ದಿನವೆಲ್ಲ ಮಕ್ಕಳು ಹೆಚ್ಚು ಚೆಲ್ಲಿದಂತೆ ಕಾಣುತ್ತದೆ.

ಮೊದಲ ಹದಿನೈದು ಶಾಲಾ ದಿನ ಬರೀ ತೂಗುವುದು. ಉಪದೇಶ ಬೇಡ. ಮೇಷ್ಟ್ರುಗಳಿಗೆ ಇದೇ ಎಲ್ಲಕ್ಕಿಂತ ಕಷ್ಟ. ಮೊದಲ ದಿನವೇ ‘ಅನ್ನ ದೇವರು’ ಶುರುವಾದರೆ ಮಕ್ಕಳು ಹೆದರಿ ತಿನ್ನುತ್ತಾರೆ, ಇಲ್ಲವೇ ಕಾಂಪೌಂಡಿನ ಆಚೆ ಚೆಲ್ಲುತ್ತಾರೆ. ಎರಡರಲ್ಲಿ ಯಾವುದಾದರೂ ಆಮೇಲಿನ ತೂಕ ಸುಳ್ಳು.

ಹದಿನಾರನೇ ದಿನ ಗಣಿತದ ಪಿರಿಯಡ್ಡು. ಮಗುವಿಗೆ 30 ಗ್ರಾಂ, ಅಂದರೆ ಒಂದೆರಡು ತುತ್ತು ಉಳಿದರೂ 120 ತಟ್ಟೆಗೆ 3.6 ಕಿಲೋ ಅನ್ನ. ಬೆಂದಾಗ ಅಕ್ಕಿ ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ, ಹಾಗಾಗಿ ಅದು ಸುಮಾರು 1.2ರಿಂದ 1.4 ಕಿಲೋ ಅಕ್ಕಿ. ಒಂದರಿಂದ ಐದನೇ ತರಗತಿವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ ಎಂಬ ಲೆಕ್ಕದಲ್ಲಿ ಅಕ್ಕಿ ಬರುವುದು. ಬಕೆಟ್ಟಿನಲ್ಲಿ ಎಷ್ಟು ಮಕ್ಕಳ ಊಟ ಬಿದ್ದಿದೆ ಎಂದು ಅವರೇ ಭಾಗಿಸಲಿ. ಉತ್ತರ ಹತ್ತರ ಆಸುಪಾಸಿಗೆ ಬರುತ್ತದೆ. ಆ ಹತ್ತನ್ನು ತರಗತಿಯ ಹತ್ತು ಮುಖಗಳಾಗಿ ನೋಡುವುದು ಮಕ್ಕಳಿಗೆ ತಾನಾಗಿ ಬರುತ್ತದೆ, ನೀವು ಎಣಿಸಿ ತೋರಿಸಿದರೆ ನಾಟಕವಾಗುತ್ತದೆ.

ಅನ್ನ ಉಳಿಯುವುದು ದುರಾಸೆಯಿಂದ ಅನ್ನುವುದು ದೊಡ್ಡವರ ತಪ್ಪು ಎಣಿಕೆ. ಎರಡನೇ ಸಲ ಬಡಿಸುತ್ತಾರೋ ಇಲ್ಲವೋ ಎಂಬ ಗುಮಾನಿ ಇರುವ ಮಗು ಮೊದಲ ಸಲವೇ ತಟ್ಟೆ ತುಂಬಿಸಿಕೊಳ್ಳುತ್ತದೆ. ಆದ್ದರಿಂದ ಬದಲಾಗಬೇಕಾದದ್ದು ಸೌಟು. ಮೊದಲ ಸುತ್ತಿನಲ್ಲಿ ಅರ್ಧ ಸೌಟು, ಹತ್ತು ನಿಮಿಷದೊಳಗೆ ಎರಡನೇ ಸುತ್ತು ಸಾಲಿನ ಕೊನೆಯವರೆಗೆ ತಪ್ಪದೆ ಬರಬೇಕು, ಬೇಕೆಂದವರಿಗೆ ಮೂರನೆಯದೂ. ಅಡುಗೆಯವರ ಜೊತೆ ಮೊದಲೇ ಕೂತು ಮಾತಾಡಿ. ಅವರಿಗೆ ಕೆಲಸ ಹೆಚ್ಚುವುದು ನಿಜ, ಬಡಿಸಲು ಇಬ್ಬರು ದೊಡ್ಡ ಮಕ್ಕಳನ್ನು ಕೊಡಿ. ಎರಡನೇ ಸುತ್ತು ಒಂದು ದಿನ ತಪ್ಪಿದರೂ ಮರುದಿನ ತಟ್ಟೆಗಳು ಮತ್ತೆ ತುಂಬಿರುತ್ತವೆ, ಆ ನಂಬಿಕೆ ಮರಳಲು ವಾರ ಹಿಡಿಯುತ್ತದೆ. ‘ಕಡಿಮೆ ಹಾಕಿಸಿಕೋ’ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರಬಾರದು. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು ಅಲ್ಲೇ ಕೂತಿರುತ್ತದೆ. ತರಗತಿ ತರಗತಿಗೆ ಸ್ಪರ್ಧೆ ಬೇಡ, ಬೋರ್ಡಿನ ಮೇಲೆ ಹೆಸರು ಬೇಡ. ಬಹುಮಾನ ಇಟ್ಟರೆ ಮಕ್ಕಳು ಪಲ್ಯ ಹಾಕಿಸಿಕೊಳ್ಳುವುದನ್ನೇ ಬಿಡುತ್ತಾರೆ.

ಮೌನದ ಬಗ್ಗೆ ಒಂದು ಮಾತು. ಊಟಕ್ಕೆ ಮುಂಚೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ, ಹಸಿದವರನ್ನು ಕೂರಿಸಿ ಶಾಂತಿ ಕಲಿಸಲಾಗದು. ಕಣ್ಣು ಮುಚ್ಚಲೇಬೇಕೆಂಬ ಒತ್ತಾಯವೂ ಬೇಡ. ಫಲ ಕೊಡುವುದು ಊಟದ ನಡುವಿನ ಮೌನ: ಮೊದಲ ಸುತ್ತು ಮುಗಿದ ಮೇಲೆ ಒಂದು ನಿಮಿಷ ಕೈ ನಿಲ್ಲಿಸಿ, ಹೊಟ್ಟೆ ಏನು ಹೇಳುತ್ತಿದೆ ಎಂದು ಕೇಳಿಕೊಳ್ಳುವುದು. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಹದಿನೈದಿಪ್ಪತ್ತು ನಿಮಿಷ ಬೇಕು. ನಮ್ಮ ಮಕ್ಕಳು ಏಳು ನಿಮಿಷದಲ್ಲಿ ಉಂಡು ಆಟಕ್ಕೆ ಓಡುತ್ತಾರೆ. ವಾರಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಲಿ, ‘ಇವತ್ತು ಯಾವ ತುತ್ತಿಗೆ ಸಾಕು ಅನ್ನಿಸಿತು?’ ಅದಕ್ಕೆ ಅಂಕ ಹಾಕಬೇಡಿ, ತಿದ್ದಲೂ ಬೇಡಿ.

ಬಕೆಟ್ಟು ತೂಗುವುದು, ತೊಳೆಯುವುದು ಯಾರು? ಸುಮ್ಮನೆ ಬಿಟ್ಟರೆ ಈ ಕೆಲಸ ಹೆಣ್ಣುಮಕ್ಕಳ ಪಾಲಿಗೋ ಕೇರಿಯ ಮಕ್ಕಳ ಪಾಲಿಗೋ ಬೀಳುತ್ತದೆ, ಯಾರೂ ಹೇಳದೆಯೇ ಬೀಳುತ್ತದೆ. ಎಂಜಲು ಮುಟ್ಟುವ ಕೆಲಸ ಯಾರದ್ದು ಎಂಬುದನ್ನು ಮಗು ಮನೆಯಿಂದಲೇ ಕಲಿತು ಬಂದಿರುತ್ತದೆ. ಹಾಗಾಗಿ ಪಾಳಿ ಹಾಜರಿ ಪುಸ್ತಕದ ಸಂಖ್ಯೆ ಪ್ರಕಾರವೇ ಇರಲಿ, ಮೇಷ್ಟ್ರು, ಟೀಚರ್, ಮುಖ್ಯ ಶಿಕ್ಷಕರ ಹೆಸರೂ ಅದರಲ್ಲಿರಲಿ. ಇದೊಂದು ತಪ್ಪಿದರೆ ಕರುಣೆಯ ಪಾಠ ಮಾಡದಿರುವುದೇ ಮೇಲು.

ಉಳಿದದ್ದನ್ನು ‘ಪುಣ್ಯ ಬರುತ್ತೆ’ ಎಂದು ಬಕೆಟ್ಟು ಸಮೇತ ಹಸುವಿನ ಮುಂದೆ ಸುರಿಯುವುದು ಎಲ್ಲೆಲ್ಲೂ ಇದೆ. ಮೆಲುಕು ಹಾಕುವ ಪ್ರಾಣಿಗೆ ಬೆಂದ ಅನ್ನ ಒಮ್ಮೆಗೇ ಹೆಚ್ಚಾದರೆ ಹೊಟ್ಟೆಯಲ್ಲಿ ಬೇಗ ಹುದುಗಿ ಹುಳಿಯೇರುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಸಾಯುವುದೂ ಉಂಟು. ಮದುವೆ ಮನೆಯ ಹಿಂದೆ ಮೇದ ದನಕ್ಕೆ ಆಗುವುದು ಇದೇ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆದರೆ ಇನ್ನೂ ಕೆಟ್ಟದ್ದು, ಉಪ್ಪಿನ ರುಚಿಗೆ ಚೀಲವನ್ನೂ ನುಂಗುತ್ತದೆ. ಸಿಪ್ಪೆಯ ಬಕೆಟ್ಟನ್ನು ದನ ಇರುವವರ ಮನೆಗೆ ಕೊಡಿ, ಕಲಗಚ್ಚಿಗೆ ಎಷ್ಟು ಸೇರಿಸಬೇಕೆಂಬುದು ಅವರಿಗೆ ಗೊತ್ತು. ಈ ಭಾಗವನ್ನು ಊರಿನ ಪಶುವೈದ್ಯರಿಂದಲೇ ಹೇಳಿಸಿ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಪ್ರಾಣ ತೆಗೆಯಬಹುದು ಎಂದು ಕೇಳಿದಾಗ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಒಂದು ಪಿರಿಯಡ್ಡು ಸಾಲುವುದಿಲ್ಲ.

ತಟ್ಟೆಯ ಅನ್ನ ಗೊಬ್ಬರಕ್ಕೆ. ಮೂರಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಆಳದ ಎರಡು ಗುಂಡಿ. ಒಂದು ತುಂಬಿ ಮಾಗುವಾಗ ಇನ್ನೊಂದು ಬಳಕೆಗೆ. ತಳಕ್ಕೆ ಅರ್ಧ ಅಡಿ ಕಡ್ಡಿ, ತರಗೆಲೆ. ಅನ್ನ ಎರಡಿಂಚಿಗಿಂತ ದಪ್ಪ ಹರಡಬಾರದು, ಒಂದು ಬಕೆಟ್ಟು ಅನ್ನಕ್ಕೆ ಮೂರು ಬಕೆಟ್ಟು ತರಗೆಲೆ, ಮೇಲೆ ಒಂದು ಚೊಂಬು ಸಗಣಿ ಬಗ್ಗಡ. ವಾರಕ್ಕೊಮ್ಮೆ ಮಗುಚಿ. ಹಿಡಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹುಳಿ ನಾತ ಬಂದರೆ ಅನ್ನ ಮುದ್ದೆಗಟ್ಟಿ ಗಾಳಿಯಾಡುತ್ತಿಲ್ಲ ಎಂದರ್ಥ: ಬಿಡಿಸಿ ತರಗೆಲೆ ಸೇರಿಸಿ. ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ. ಆವರಣದಲ್ಲಿ ನೀಲಗಿರಿ ಮಾತ್ರ ಇದ್ದರೆ ಆ ಎಲೆ ಕೊಳೆಯುವುದು ನಿಧಾನ, ಹೊಂಗೆ ಎಲೆ ತರಿಸಿಕೊಳ್ಳಿ. ನಾಯಿ, ಹೆಗ್ಗಣಕ್ಕೆ ಮೇಲೊಂದು ಜಾಲರಿ. ಮೂರು ತಿಂಗಳಿಗೆ ಮಣ್ಣಿನ ವಾಸನೆ ಬರುತ್ತದೆ.

ಗೊಬ್ಬರ ಗಿಡಕ್ಕೆ, ಗಿಡ ಮಕ್ಕಳ ಒಂದೊಂದು ಗುಂಪಿಗೆ ಒಂದು. ನೂರು ಗಿಡ ನೆಡುವ ಆಸೆ ಬಿಡಿ, ಹತ್ತು ಸಾಕು. ಶಾಲೆಯ ಗಿಡಗಳು ಸಾಯುವುದು ಮೇಕೆಯಿಂದ ಮತ್ತು ಏಪ್ರಿಲ್‌ನಿಂದ. ಮೇಕೆಗೆ ಮುಳ್ಳಿನ ಬೇಲಿ. ಬೇಸಿಗೆ ರಜೆಗೆ, ಶಾಲೆಯ ಹತ್ತಿರ ಮನೆ ಇರುವ ಮಕ್ಕಳ ಪಟ್ಟಿಯನ್ನು ಮಾರ್ಚ್‌ನಲ್ಲೇ ಮಾಡಿ, ಗಿಡಕ್ಕೆ ವಾರಕ್ಕೆ ಎರಡು ಕೊಡ ನೀರು, ಬುಡಕ್ಕೆ ದಪ್ಪಗೆ ತರಗೆಲೆ ಹೊದಿಕೆ. ಹಕ್ಕಿಗಿಡುವ ಅಗಲ ಬಾಯಿಯ ಮಣ್ಣಿನ ತಟ್ಟೆಯೂ ಇದೇ ಪಟ್ಟಿಯವರದ್ದು: ಎರಡಿಂಚು ನೀರು, ಜೇನ್ನೊಣ ಕೂರಲು ನಡುವೆ ಒಂದು ಕಲ್ಲು. ಮೂರು ದಿನಕ್ಕೊಮ್ಮೆಯಾದರೂ ಚೆಲ್ಲಿ, ಉಜ್ಜಿ ತೊಳೆದು ತುಂಬಬೇಕು, ಯಾಕೆಂದರೆ ನಿಂತ ನೀರಿನಲ್ಲಿ ವಾರ ಹತ್ತು ದಿನದೊಳಗೆ ಸೊಳ್ಳೆ ಹಾರುತ್ತದೆ. ಅಷ್ಟು ಮಾಡಲು ಯಾರೂ ಇಲ್ಲದ ಊರಾದರೆ ರಜೆಗೆ ಮುಂಚೆ ತಟ್ಟೆ ಬೋರಲು ಹಾಕಿ ಹೋಗಿ.