ಕೊಂಡಿ ಹಾಕುವವರ ಓಣಿಯಲ್ಲಿ

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಅದಕ್ಕೆ ಮೂರು ದಿನ ಮೊದಲು ಇಳಕಲ್ಲಿನ ನಮ್ಮ ಓಣಿಯ ಹಿರಿಯರೆಲ್ಲ ಗುಡಿಯ ಕಟ್ಟೆಯ ಮೇಲೆ ಕೂಡಿದ್ದರು. ಐಹೊಳೆ, ಪಟ್ಟದಕಲ್ಲು ನೋಡಿಕೊಂಡು ಸೀರೆ ಕೊಳ್ಳಲು ಇತ್ತ ಬರುವವರಿಗೆ ಊರಿನ ಬಗ್ಗೆ ಒಂದು ಪುಟದ ಕರಪತ್ರ ಅಚ್ಚು ಹಾಕಿಸಿ ಕೊಡಬೇಕು ಎಂಬ ವಿಚಾರ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಹುಟ್ಟಿದ್ದು ಇದೇ ಓಣಿಯ ನೇಕಾರನ ಮನೆಯಲ್ಲಿ.

"ಏನೇನು ಬರೆಯಲಿ, ಹೇಳಿ" ಎಂದು ಪೆನ್ನು ತೆಗೆದೆ. ಹೇಳುವವರಿಗೆ ಬರವಿರಲಿಲ್ಲ. ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದನ್ನು ಬರೆ ಎಂದರು ಒಬ್ಬರು. ದಾಳಿಂಬೆ ಕೆಂಪು, ಗಿಣಿ ಹಸಿರು, ಚಿಕ್ಕಿಪರಾಸ ದಡಿ, ಗೋಮಿ ದಡಿ, ಸೆರಗಿನ ತೋಪತೆನಿ ವಿನ್ಯಾಸ ಒಂದೂ ಬಿಡಬೇಡ ಎಂದರು ಇನ್ನೊಬ್ಬರು. ನಮ್ಮ ಕೆಂಪು ಗ್ರಾನೈಟ್ ಕಲ್ಲು ಹೊರದೇಶಕ್ಕೂ ಹೋಗುತ್ತದೆ, ಅದು ಬೇಕೇ ಬೇಕು ಎಂದು ಕ್ವಾರಿಯಲ್ಲಿ ದುಡಿಯುವ ಹುಡುಗ ಹಿಂದಿನಿಂದ ಕೂಗಿದ.

ಆಮೇಲೆ ಮಹಾಂತ ಜೋಳಿಗೆಯ ಮಾತು ಬಂತು. ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮೀಜಿಯವರು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಬೇಡಿದ್ದು ಜೋಳವನ್ನಲ್ಲ, ದುಡ್ಡನ್ನಲ್ಲ. ನಿಮ್ಮ ಕುಡಿತ ಹಾಕಿ, ಬೀಡಿ ಹಾಕಿ, ನಿಮ್ಮ ಚಟಗಳನ್ನು ಭಿಕ್ಷೆಯಾಗಿ ಕೊಡಿ ಎಂದು ಬೇಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆ ನಮ್ಮ ಓಣಿಗೆ ಬಂದ ದಿನ ನಾನು ಅಪ್ಪನ ಹೆಗಲ ಮೇಲಿದ್ದೆ. ನಮ್ಮ ಕಾಕಾ ಮಗ್ಗದಿಂದ ಎದ್ದುಬಂದು, ಸೊಂಟದಲ್ಲಿದ್ದ ಬೀಡಿ ಕಟ್ಟನ್ನು ತೆಗೆದು ಎರಡೂ ಕೈಗಳಿಂದ ಜೋಳಿಗೆಗೆ ಹಾಕಿದ. ಅಂದಿನಿಂದ ಇಂದಿನವರೆಗೂ ಅವನು ಬೀಡಿ ಮುಟ್ಟಿಲ್ಲ. ಒಂದು ಊರು ತನ್ನ ತಪ್ಪನ್ನು ಬೀದಿಯಲ್ಲಿ ನಿಂತು ಒಪ್ಪಿಕೊಂಡು ಕೊಟ್ಟುಬಿಟ್ಟಿತಲ್ಲ, ಇದಕ್ಕಿಂತ ದೊಡ್ಡ ಹಿರಿಮೆ ನಮಗೆ ಬೇರೊಂದಿಲ್ಲ ಎಂದು ಇಂದಿಗೂ ನಂಬಿದ್ದೇನೆ. ಅದನ್ನು ಬರೆಯುವಾಗ ಕೈ ತಾನಾಗಿ ಓಡಿತು.

ಪುಟ ತುಂಬಿತು. ಓದಿ ತೋರಿಸಿದೆ, ಎಲ್ಲರೂ ತಲೆದೂಗಿದರು. ಏಳುವ ಹೊತ್ತಿಗೆ ಕಟ್ಟೆಯ ಕೆಳಗೆ, ಹೆಂಗಸರ ಸಾಲಿನಲ್ಲಿ ಕೂತಿದ್ದ ನಮ್ಮ ಚಿಗವ್ವ ಎದ್ದು ನಿಂತಳು. ಜೋಳಿಗೆಗೆ ಬೀಡಿ ಹಾಕಿದ ಕಾಕಾನ ಹೆಂಡತಿ.

"ಎಲ್ಲ ಬರೆದೆಯೇನಪ್ಪಾ? ಈಗ ನಮ್ಮ ಮನೆಗೆ ಬಂದು ಒಮ್ಮೆ ಕುಣಿಯೊಳಗೆ ಇಳಿದು ನೋಡು."

ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ಹೋದೆ, ನನ್ನ ಹಿಂದೆ ಐದಾರು ಜನ ಬಂದರು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಆ ಕುಣಿಯಲ್ಲಿ ಮೊಣಕಾಲಿನ ಹತ್ತಿರದವರೆಗೆ ನೀರು ನಿಂತಿತ್ತು. ಬರೀ ಮಳೆಯ ನೀರಲ್ಲ, ಓಣಿಯ ಗಟಾರದ್ದು. ಅದರ ಮೇಲೆ ಗುಟ್ಕಾ ಚೀಟುಗಳು ತೇಲುತ್ತಿದ್ದವು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಹಸಿಯಾದ ಎಳೆ ಪಟಪಟನೆ ಹರಿಯುತ್ತದೆ ಎಂದು ಕಾಕಾ ಬೆಳಗಿನಿಂದ ಕೆಲಸಕ್ಕೆ ಕೂತಿರಲಿಲ್ಲ. ನೇಯಿಸುವ ಸಾಹುಕಾರರು ಕೂಲಿ ಕೊಡುವುದು ಸೀರೆ ಇಳಿದ ಮೇಲೆಯೇ. ಅವನು ಗೋಡೆಗೆ ಒರಗಿಕೊಂಡು ಸುಮ್ಮನೆ ನೀರನ್ನೇ ನೋಡುತ್ತಿದ್ದ.

ಆ ಚೀಟುಗಳನ್ನು ನೋಡಿ ನನಗೆ ಆದ ಸಂಕಟ ಹೇಳಲು ಆಗದು. ಜೋಳಿಗೆ ಹುಟ್ಟಿದ ಊರು ನಮ್ಮದು ಎಂದು ಈಗಷ್ಟೇ ಬರೆದು ಬಂದಿದ್ದೆ. ಅದೇ ಊರಿನ ಗಟಾರ ಕಟ್ಟಿಕೊಂಡಿದ್ದು ಗುಟ್ಕಾ ಚೀಟುಗಳಿಂದ. ಹೊರದೇಶಕ್ಕೆ ಕಲ್ಲು ಕಳಿಸುವ ಊರಿನ ಗಟಾರಕ್ಕೆ ಮುಚ್ಚಲು ಒಂದು ಚಪ್ಪಡಿ ಇರಲಿಲ್ಲ.

ಚಿಗವ್ವ ನೀರಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಪಡಸಾಲೆಯ ಮೂಲೆಗೆ ಹೋಗಿ, ಕಾಲು ಚಾಚಿ ಕುಳಿತು, ಬಿಟ್ಟುಬಂದಿದ್ದ ಕೆಲಸವನ್ನು ಮುಂದುವರಿಸಿದಳು. ಮುಂದಿನ ಸೀರೆಗೆ ಕೊಂಡಿ ಹಾಕುತ್ತಿದ್ದಳು.

ಇಳಕಲ್ ಸೀರೆಯ ಜೀವ ಇರುವುದು ಇಲ್ಲಿಯೇ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ಕೆಂಪು ರೇಷ್ಮೆಯದು. ಈ ಎರಡು ಹಾಸುಗಳ ತುದಿಗಳನ್ನು ನೇಯುವುದಕ್ಕೆ ಮೊದಲೇ ಒಂದಕ್ಕೊಂದು ಕೂಡಿಸಬೇಕು. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಎಳೆದು, ಬೆರಳಿನಿಂದ ಒತ್ತಿ, ಮುಂದಿನ ಎಳೆಗೆ ಹೋಗಬೇಕು. ಒಂದು ತಪ್ಪಿದರೆ ಅಲ್ಲಿ ಬಾಯಿ ಬಿಡುತ್ತದೆ. ಹೀಗಾಗಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಸಿದ್ಧವಾಗಬೇಕು. ವಿದ್ಯುತ್ ಮಗ್ಗದವರು ಬಣ್ಣವನ್ನೂ ದಡಿಯನ್ನೂ ನಕಲು ಮಾಡಿ ಅಗ್ಗಕ್ಕೆ ಮಾರುತ್ತಾರೆ. ಆದರೆ ಒಡಲು ಸೆರಗು ಸೇರುವ ಗೆರೆಯ ಮೇಲೆ ಬೆರಳಾಡಿಸಿದರೆ ಕೈಯ ಕೊಂಡಿ ಯಾವುದು ಎಂದು ನಮ್ಮ ಓಣಿಯ ಮಕ್ಕಳಿಗೂ ತಿಳಿಯುತ್ತದೆ.

ಈ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವರೂ ಅವರೇ. ನನ್ನ ಅವ್ವ ಇದನ್ನೇ ಮಾಡಿ ಮಾಡಿ ಕಣ್ಣು ಮಂಜು ಮಾಡಿಕೊಂಡಳು. ರಾತ್ರಿ ನಾನು ಪಾಠ ಓದುತ್ತಿದ್ದ ದೀಪದ ಬೆಳಕಿಗೇ ಅವಳು ಎಳೆ ಕೂಡಿಸುತ್ತಿದ್ದಳು.

"ನೀನು ಬರೆದದ್ದರಲ್ಲಿ 'ನೇಕಾರರು ನೇಯುತ್ತಾರೆ' ಎಂದಿದೆ," ಎಂದಳು ಚಿಗವ್ವ, ಕೈಯಿಂದ ಕಣ್ಣು ತೆಗೆಯದೆ. "ಸಾಹುಕಾರರ ಪುಸ್ತಕದಲ್ಲಿಯೂ ನಿಮ್ಮ ಕಾಕಾನ ಹೆಸರು ಒಂದೇ ಇದೆ. ನಲವತ್ತು ವರ್ಷ ಆಯಿತು, ನನ್ನ ಕೊಂಡಿಗೆ ಅಂತ ಒಂದು ರೂಪಾಯಿಯನ್ನೂ ಯಾರೂ ಬರೆದಿಲ್ಲ. ಸೀರೆಯ ಕೂಲಿಯಲ್ಲಿಯೇ ಅದೂ ಬಂತು ಅನ್ನುತ್ತಾರೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದಳು. ನನಗೆ ಮುಖ ಎತ್ತಲು ಆಗಲಿಲ್ಲ. ಅವ್ವನ ಹೆಸರೂ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಾಲನ್ನು ಹಾಗೆಯೇ ಬರೆದಿದ್ದೆ.

ಚಿಗವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಕೊಂಡಿ ಕಲಿಯಲಿಲ್ಲ. ಅವಳೇ ಬೇಡ ಎಂದಳು. ಮೊಮ್ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕಿದ್ದಾನೆ. ಹುಡುಗರು ಮಗ್ಗಕ್ಕೆ ಬರುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ಬೈಯುವವರನ್ನು ಬಹಳ ಕೇಳಿದ್ದೇನೆ. ಆ ನೀರು ನೋಡಿದ ಮೇಲೆ ನನಗೆ ಬೈಯುವ ಮನಸ್ಸಾಗಿಲ್ಲ.

ಅಂದು ಮಧ್ಯಾಹ್ನವೇ ಕ್ವಾರಿಯ ಹುಡುಗ ಇನ್ನೂ ನಾಲ್ಕು ಜನರನ್ನು ಕರೆತಂದ. ಪಾಲಿಶ್ ಕಾರ್ಖಾನೆಯಲ್ಲಿ ಅಂಚು ಒಡೆದು ಬಿಸಾಡಿದ ಚಪ್ಪಡಿಗಳನ್ನು ಕೇಳಿ ಟಂಟಂನಲ್ಲಿ ಹೇರಿಕೊಂಡು ಬಂದರು. ಹಿರಿಯರು ಪಂಚೆ ಎತ್ತಿ ಕಟ್ಟಿಕೊಂಡು ಗಟಾರಕ್ಕೆ ಇಳಿದರು. ನಾನೂ ಇಳಿದೆ. ಹೆಂಗಸರು ಬುಟ್ಟಿಯಲ್ಲಿ ಚೀಟು, ಕೆಸರು ತುಂಬಿ ಸಾಗಿಸಿದರು. ಕಾಕಾ ಕುಣಿಯ ನೀರನ್ನು ತಂಬಿಗೆಯಿಂದ ತೋಡಿ ತೋಡಿ ಹಾಕಿದ. ಸಂಜೆಗೆ ನಮ್ಮ ಮನೆಯಿಂದ ಗುಡಿಯವರೆಗೆ ನೀರು ಸರಾಗವಾಗಿ ಹರಿಯಿತು. ಕೆಂಪು ಚಪ್ಪಡಿ ಗಟಾರದ ಮೇಲೆ ಮಿಂಚುತ್ತಿತ್ತು. ಇಂಥ ಕೆಲಸಕ್ಕೆ ನಮ್ಮವರು ಒಂದು ಕರೆಗೆ ಬರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕರೆ ಬರಲು ಒಬ್ಬರ ಮಗ್ಗ ಮುಳುಗಬೇಕಾಯಿತು. ಗುಡಿಯ ಆಚೆಗೆ ಇನ್ನೂ ಕಟ್ಟಿಕೊಂಡೇ ಇದೆ. ಅಲ್ಲಿಯೂ ಮಗ್ಗಗಳಿವೆ.

ರಾತ್ರಿ ಪುಟವನ್ನು ಮತ್ತೆ ಬರೆದೆ. ಮೊದಲ ಸಾಲು ಕೊಂಡಿಯದು, ಅದನ್ನು ಹಾಕುವ ಹೆಂಗಸರದು. ಗಟಾರದ ಮಾತನ್ನೂ ಸೇರಿಸಿದೆ. ಹೊರಗಿನವರಿಗೆ ಇದನ್ನೆಲ್ಲ ಯಾಕೆ ಹೇಳುವುದು ಎಂದು ಇಬ್ಬರು ಹಿರಿಯರು ತಕರಾರು ತೆಗೆದರು. ಚಟವನ್ನೇ ಬೀದಿಯಲ್ಲಿ ಹೇಳಿಕೊಂಡ ಊರು ಗಟಾರಕ್ಕೆ ನಾಚುವುದೇನು ಎಂದೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಎದ್ದು ಹೋದರು.

ಮರುದಿನ ಚಿಗವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಚೆನ್ನಾಗಿದೆ. ಸಾಹುಕಾರರಿಗೂ ಓದಿ ಹೇಳು."

ಹೇಳಿ ಬಂದೆ. ಪುಸ್ತಕದಲ್ಲಿ ಕಾಕಾನ ಹೆಸರಿನ ಪಕ್ಕದಲ್ಲಿ ಅವಳ ಹೆಸರು ಬರೆಯಿರಿ, ಕೊಂಡಿಯ ಕೂಲಿಯನ್ನು ಬೇರೆಯಾಗಿ ತೋರಿಸಿ ಎಂದು ಕೇಳಿದೆ. ಅವರು ಚಹಾ ತರಿಸಿದರು, ನೂಲಿನ ದರ ಏರಿದ್ದನ್ನು ಹೇಳಿದರು, ಕೊನೆಗೆ "ನೋಡೋಣ ಮಾಸ್ತರರೇ" ಎಂದರು. ಈ ವಾರ ಕಾಕಾನ ಸೀರೆ ಮಗ್ಗದಿಂದ ಇಳಿಯುತ್ತದೆ. ಅದನ್ನು ಕೊಡಲು ಅವನ ಜೊತೆ ಚಿಗವ್ವನೂ ಹೋಗುತ್ತಾಳಂತೆ. ನಾನೂ ಹೋಗುತ್ತೇನೆ.