ದೊಡ್ಡ ಹೆಸರಿನ ಅಪ್ಪಂದಿರ ಮಕ್ಕಳಿಗೆ ಸೌಂಡ್ ಮಾಡುವಾಗ

ಶಿಕಾಗೋದ ಸಣ್ಣ ಕ್ಲಬ್ಬುಗಳಲ್ಲಿ ಲೈವ್ ಸೌಂಡ್ ನೋಡಿಕೊಳ್ಳುವುದು ನನ್ನ ಕೆಲಸ. ಜಾಸ್ತಿ ಬರುವುದು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ, ನುಡಿಸುವ ಬ್ಯಾಂಡುಗಳು. ಈ ಊರಲ್ಲಿ ಈ ಕೆಲಸ ಮಾಡುವವರಿಗೆ ಒಂದು ಸಂಗತಿ ಪದೇ ಪದೇ ಎದುರಾಗುತ್ತದೆ: ಸ್ಟೇಜ್ ಮೇಲೆ ನಿಂತವರ ಅಪ್ಪನೋ ಅಮ್ಮನೋ ಬಹಳ ದೊಡ್ಡ ಹೆಸರು. ಶಿಕಾಗೋ ಬ್ಲೂಸ್‌ನ ದೊಡ್ಡ ಹಾಡುಗಾರ ಮಡ್ಡಿ ವಾಟರ್ಸ್ ಅವರ ಇಬ್ಬರು ಗಂಡುಮಕ್ಕಳು ಹಾಡುತ್ತಾರೆ. ಗಿಟಾರಿಸ್ಟ್ ಲೋನಿ ಬ್ರೂಕ್ಸ್ ಮಗ ರೋನಿ ಬೇಕರ್ ಬ್ರೂಕ್ಸ್, ಹಾರ್ಮೋನಿಕಾದ ಕ್ಯಾರಿ ಬೆಲ್ ಮಗ ಲರಿ ಬೆಲ್, ಇಬ್ಬರೂ ಗಿಟಾರ್ ನುಡಿಸುತ್ತಾರೆ. ಇಂಥವರ ಮಕ್ಕಳಿಗೆ ಸೌಂಡ್ ಮಾಡುವಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ನನಗೆ ಅದು ಅರ್ಥವಾಗಿದ್ದು ಬ್ಲೂಸ್ ಹಾಡುಗಾರ್ತಿ ಶಮೀಕಿಯಾ ಕೋಪ್‌ಲ್ಯಾಂಡ್ ಅವರಿಂದ. ಅವರ ಶೋಗೆ ನಾನು ಸೌಂಡ್ ಮಾಡಿಲ್ಲ. ಜನರ ನಡುವೆ ನಿಂತು ಕೇಳಿದ್ದೇನೆ, ರೆಕಾರ್ಡುಗಳನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ, ಅಷ್ಟೇ.

ಅವರ ಅಪ್ಪ ಬ್ಲೂಸ್ ಗಿಟಾರಿಸ್ಟ್ ಜಾನಿ ಕೋಪ್‌ಲ್ಯಾಂಡ್. ಹುಟ್ಟಿದ್ದು 1937ರಲ್ಲಿ, ಲೂಸಿಯಾನಾದಲ್ಲಿ. ಗಿಟಾರ್ ಪಳಗಿದ್ದು ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ. ಆಮೇಲೆ ನ್ಯೂಯಾರ್ಕಿಗೆ ಬಂದರು. 1985ರಲ್ಲಿ ಗಿಟಾರಿಸ್ಟುಗಳಾದ ಆಲ್ಬರ್ಟ್ ಕಾಲಿನ್ಸ್, ರಾಬರ್ಟ್ ಕ್ರೇ ಜೊತೆ ಸೇರಿ ಮಾಡಿದ ಆಲ್ಬಮ್‌ಗೆ ಗ್ರ್ಯಾಮಿ ಬಂತು. ಮಗಳು ಹುಟ್ಟಿದ್ದು 1979ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅವಳು ಇನ್ನೂ ಚಿಕ್ಕವಳಿದ್ದಾಗಲೇ ಅಪ್ಪ ಕಾಟನ್ ಕ್ಲಬ್ಬಿನ ಸ್ಟೇಜ್ ಮೇಲೆ ಕರೆದು ಹಾಡಿಸಿದ್ದರಂತೆ. ಅವಳಿಗೆ ನಾಚಿಕೆಯೇ ಜಾಸ್ತಿ, ಹಾಡುಗಾರ್ತಿ ಆಗಬೇಕು ಅನ್ನುವ ಆಸೆಯೇನೂ ಆಗ ಇರಲಿಲ್ಲ.

ಅವಳಿಗೆ ಹದಿನಾರಾಗುವ ಹೊತ್ತಿಗೆ ಅಪ್ಪನ ಹೃದಯ ಕೆಟ್ಟಿತ್ತು. ಹೃದಯಕ್ಕೆ ನೆರವಾಗುವ ಯಂತ್ರ ಹಾಕಿಸಿಕೊಂಡು, ಕಸಿಗಾಗಿ ಕಾಯುತ್ತಲೇ ಅವರು ಶೋ ಕೊಡುತ್ತಿದ್ದರು. ಮಗಳು ಜೊತೆಗೆ ಹೋಗಿ, ಅಪ್ಪ ಸ್ಟೇಜಿಗೆ ಬರುವ ಮೊದಲು ತಾನು ಹಾಡಲು ಶುರು ಮಾಡಿದಳು. ಅಪ್ಪನಿಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ನಿಜಕ್ಕೂ ಅಪ್ಪನೇ ನನಗೋಸ್ಕರ ಅದನ್ನೆಲ್ಲ ಮಾಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು ಅಂತ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಈ ಮಾತು ನೆನಪಾದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕಾಯಿಲೆಯ ಮನುಷ್ಯ, ತಾನು ನಿಲ್ಲುವುದೇ ಕಷ್ಟ, ಆದರೂ ತನ್ನ ಪ್ರೇಕ್ಷಕರನ್ನು ಮಗಳಿಗೆ ಪರಿಚಯ ಮಾಡಿಸಿ ಹೋಗುತ್ತಿದ್ದಾನೆ, ಅದೂ ಅವಳಿಗೆ ಭಾರ ಅನ್ನಿಸದ ಹಾಗೆ. 1997ರ ಜನವರಿ 1ರಂದು ಅವರಿಗೆ ಹೃದಯ ಕಸಿ ಆಯಿತು. ಮತ್ತೆ ಸ್ಟೇಜ್ ಹತ್ತಿದರು. ಅದೇ ವರ್ಷ ಜುಲೈ 3ರಂದು ತೀರಿಕೊಂಡರು. ಮರುವರ್ಷ ಶಿಕಾಗೋದ ಅಲಿಗೇಟರ್ ರೆಕಾರ್ಡ್ ಕಂಪನಿಯಿಂದ ಮಗಳ ಮೊದಲ ಆಲ್ಬಮ್ ಬಂತು. ಆಗ ಅವರಿಗೆ ವಯಸ್ಸು ಹತ್ತೊಂಬತ್ತು.

ಸೌಂಡ್ ಮಾಡುವವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸರಳ ವಿಷಯ. ಅಪ್ಪ ಗಿಟಾರಿಸ್ಟ್. ಮಗಳು ಸ್ಟೇಜಿನಲ್ಲಿ ಗಿಟಾರ್ ಹಿಡಿಯುವುದೇ ಇಲ್ಲ. ಅಪ್ಪ ಯಾವ ಗಿಟಾರಿನ ದನಿಯಿಂದ ಜನಕ್ಕೆ ಗುರುತಾಗುತ್ತಿದ್ದರೋ ಅದನ್ನು ಪೂರ್ತಿ ಬಿಟ್ಟು, ಬರೀ ಗಂಟಲಿನ ಮೇಲೆ ನಿಂತುಬಿಟ್ಟರು. ಹಾಗಂತ ಅಪ್ಪನನ್ನು ಬಿಟ್ಟುಕೊಟ್ಟರಾ? ಇಲ್ಲ. ಮೊದಲ ಆಲ್ಬಮ್ಮಿನಲ್ಲೇ ಅಪ್ಪನ ‘ಘೆಟ್ಟೊ ಚೈಲ್ಡ್’ ಇದೆ. ಆಮೇಲಿನ ಆಲ್ಬಮ್ಮುಗಳಲ್ಲೂ ಅಪ್ಪನ ಹಾಡುಗಳು ಬರುತ್ತಲೇ ಇವೆ. ಅವುಗಳ ಸುತ್ತ ಇರುವ ಉಳಿದ ಹಾಡುಗಳು ಮಾತ್ರ ಅವರದೇ ಕಾಲದ್ದು, ಅವರದೇ ಸಿಟ್ಟಿನದ್ದು. 2020ರ ಆಲ್ಬಮ್ಮಿನಲ್ಲಿ ಕ್ಲೊಟಿಲ್ಡಾ ಹಡಗಿನ ಬಗ್ಗೆ ಒಂದು ಹಾಡಿದೆ. ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು 1860ರಲ್ಲಿ ಅಲಬಾಮಾಗೆ ಬಂದ ಹಡಗು ಅದು, ಅದರ ಅವಶೇಷ ಇಂಥದ್ದೇ ಅಂತ ಖಚಿತವಾಗಿದ್ದು 2019ರಲ್ಲಿ. ಆ ಹಾಡನ್ನು ಅಪ್ಪ ಹಾಡಲು ಸಾಧ್ಯವೇ ಇರಲಿಲ್ಲ, ಅಲ್ವಾ?

‘ಘೆಟ್ಟೊ ಚೈಲ್ಡ್’ ಹಾಡುವಾಗ ಅವರು ಎಷ್ಟೋ ಸಲ ಮೈಕ್ ಬಿಟ್ಟು ಸ್ಟೇಜಿನ ಅಂಚಿಗೆ ಬಂದು, ಇಡೀ ಹಾಲ್‌ಗೆ ಕೇಳುವ ಹಾಗೆ ಬರಿಗಂಟಲಲ್ಲಿ ಹಾಡುತ್ತಾರೆ. ಎಲ್ಲ ಮೈಕುಗಳ ಸದ್ದು ಹೊಂದಿಸುವ ಸೌಂಡ್ ಡೆಸ್ಕಿನ ಹಿಂದೆ ಇರುವವರಿಗೆ ಇದು ದೊಡ್ಡ ಪರೀಕ್ಷೆ. ಹಾಡುವವರು ಮೈಕಿನಿಂದ ದೂರ ಹೋದರೆ ನಮ್ಮ ಕೈ ತಾನಾಗಿ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿಯನ್ನು, ಮೇಲಕ್ಕೆ ತಳ್ಳುತ್ತದೆ. ತಳ್ಳಿದರೆ ದನಿ ಸಿಗುವುದಿಲ್ಲ, ಡ್ರಮ್ ಸದ್ದು ಮೈಕಿಗೆ ಬೀಳುತ್ತದೆ, ಇನ್ನೂ ತಳ್ಳಿದರೆ ಸ್ಪೀಕರಿನ ಸದ್ದೇ ಮತ್ತೆ ಮೈಕಿಗೆ ಹೋಗಿ ಫೀಡ್‌ಬ್ಯಾಕ್ ಕಿರುಚುತ್ತದೆ. ಆ ಹೊತ್ತಿಗೆ ಮಾಡಬೇಕಾದ್ದು ಆ ಮೈಕಿನ ಫೇಡರ್ ಇಳಿಸಿ ಕೈಕಟ್ಟಿ ನಿಲ್ಲುವುದು. ದನಿ ಅವರದು, ಹಾಲ್ ಅವರ ಕೈಯಲ್ಲಿದೆ. ನನಗೆ ಅಲ್ಲಿ ಕೆಲಸ ಇಲ್ಲ.

ಇದರಿಂದಲೇ ನಾನು ನನ್ನ ಕೆಲಸದ ಕ್ರಮ ಕಟ್ಟಿಕೊಂಡೆ. ಹೆಸರಾಂತರ ಮಗನೋ ಮಗಳೋ ಬರುತ್ತಾರೆ ಅಂದರೆ ಆ ವಾರ ಅಪ್ಪನ ರೆಕಾರ್ಡ್ ಹಾಕುವುದಿಲ್ಲ. ಮಕ್ಕಳ ರೆಕಾರ್ಡ್ ಕೇಳುತ್ತೇನೆ. ಕಿವಿಯಲ್ಲಿ ಅಪ್ಪ ಕೂತಿದ್ದರೆ ಕೈ ಸುಮ್ನೆ ಇರುವುದಿಲ್ಲ, ಗೊತ್ತಿಲ್ಲದೆಯೇ ಆ ರಿವರ್ಬ್ (ಪ್ರತಿಧ್ವನಿಯ ಗುಂಗು), ಆ ಟ್ರೆಬಲ್ (ಎತ್ತರದ ಸ್ವರಗಳ ಚೂಪು) ಕಡೆಗೆ ಹೋಗುತ್ತದೆ. ಸಾಮಾನು ಇಳಿಸುವಾಗ ಅಪ್ಪನ ಮಾತು ನಾನಾಗಿ ತೆಗೆಯುವುದಿಲ್ಲ. ಅವರಾಗಿ ತೆಗೆದರೆ ಖುಷಿಯಿಂದ ಕೇಳುತ್ತೇನೆ, ಯಾಕೆಂದರೆ ಆ ಕಥೆಗಳು ಬೇರೆಲ್ಲೂ ಸಿಗುವುದಿಲ್ಲ. ಡೆಸ್ಕಿನಲ್ಲಿ ಎಲ್ಲ ಇಕ್ಯು, ಅಂದರೆ ತಗ್ಗು-ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡುವ ಗುಂಡಿಗಳನ್ನು, ಸೊನ್ನೆಗೆ ತಂದು ಶುರು ಮಾಡುತ್ತೇನೆ.

ಒಂದು ಸಲ ಒಬ್ಬ ಯುವಕ ಬಂದಿದ್ದ. ಹೆಸರು ಬೇಡ. ಅಪ್ಪ ದೊಡ್ಡ ಗಿಟಾರಿಸ್ಟ್, ಎತ್ತರದ ದನಿಯಲ್ಲಿ ಕೂಗಿ ಹಾಡುತ್ತಿದ್ದವರು. ಪೋಸ್ಟರಿನಲ್ಲಿ ಅಪ್ಪನ ಹೆಸರು ಮಗನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿತ್ತು. ಕ್ಲಬ್ಬಿನ ಮ್ಯಾನೇಜರ್ ಬಂದು, “ಜನ ಬರುವುದೇ ಅವರಪ್ಪನ ನೆನಪಿಗೆ, ಆ ಹಳೆ ರೆಕಾರ್ಡಿನ ಹಾಗೇ ಕೇಳಿಸು” ಅಂದರು. ಹಾಡುವವರಿಗೆ ತಮ್ಮ ಸದ್ದು ಕೇಳಿಸಲು ಸ್ಟೇಜ್ ಮೇಲೆ ಇಡುವ ಸ್ಪೀಕರಿಗೆ ನಾವು ಮಾನಿಟರ್ ಅನ್ನುತ್ತೇವೆ. ನಾನು ಹುಡುಗನನ್ನು ಕೇಳಿದೆ: “ಮಾನಿಟರಿನಲ್ಲಿ ನಿಮಗೆ ಏನು ಬೇಕು?” ಅವನು ಸ್ವಲ್ಪ ಹೊತ್ತು ನೋಡಿ, “ಗಿಟಾರ್ ಕಡಿಮೆ ಮಾಡಿ. ನನ್ನ ದನಿ ನನಗೆ ಚೆನ್ನಾಗಿ ಕೇಳಬೇಕು. ನಾನು ಅಪ್ಪನ ಹಾಗೆ ಕೂಗುವುದಿಲ್ಲ” ಅಂದ.

ಅವನದು ತಗ್ಗಿನ, ಹತ್ತಿರದಿಂದ ಮಾತಾಡಿದಂಥ ದನಿ. ಸಾಮಾನ್ಯವಾಗಿ ಹಾಡುವ ಮೈಕಿಗೆ ನಾನು ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ವರಗಳನ್ನು ಕತ್ತರಿಸುತ್ತೇನೆ. ಇವನಿಗೆ 80ಕ್ಕೆ ಇಳಿಸಿದೆ, ಅವನ ದನಿಯ ಮೈ ಇದ್ದದ್ದೇ ಅಲ್ಲಿ. ರಿವರ್ಬ್ ಹೆಚ್ಚುಕಡಿಮೆ ಇಲ್ಲ. ದನಿಯ ಜೋರು-ಮೆಲ್ಲಗಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ತುಂಬ ಹಗುರ. ಮ್ಯಾನೇಜರಿಗೆ ಇಷ್ಟ ಆಗಲಿಲ್ಲ. ಶೋದಲ್ಲಿ ಒಂದಿಬ್ಬರು ಅಪ್ಪನ ಹಾಡಿಗಾಗಿ ಕೂಗುತ್ತಲೇ ಇದ್ದರು. ಅವನು ಅದನ್ನು ಎರಡನೇ ಸೆಟ್ಟಿನಲ್ಲಿ ಹಾಡಿದ, ಅರ್ಧ ವೇಗದಲ್ಲಿ, ಸೋಲೊ ಇಲ್ಲದೆ. ಕೂಗಿದವರಲ್ಲಿ ಒಬ್ಬರು ಎದ್ದು ಹೋದರು. ಕೂತವರು ಕೂತೇ ಇದ್ದರು. ಎಲ್ಲರೂ ಮೆಚ್ಚಿದರು ಅಂತ ನಾನು ಹೇಳುವುದಿಲ್ಲ. ಆದರೆ ಆ ರಾತ್ರಿ ಕೇಳಿಸಿದ್ದು ಅವನೇ.

ಇಷ್ಟು ಹೇಳಿ, ಇದಕ್ಕೆ ವಿರುದ್ಧ ಕಾಣುವ ಒಂದು ಮಾತನ್ನೂ ಹೇಳಬೇಕು. ಮಡ್ಡಿ ವಾಟರ್ಸ್ ಮಗ ಮಡ್ ಮಾರ್ಗನ್‌ಫೀಲ್ಡ್ ಲಾರಿ ಓಡಿಸುತ್ತಿದ್ದವರು, ತಡವಾಗಿ ಹಾಡಲು ಬಂದವರು. ಅವರ ದನಿ ಅಪ್ಪನ ದನಿಗೆ ಎಷ್ಟು ಹತ್ತಿರ ಅಂದರೆ ಕಣ್ಣು ಮುಚ್ಚಿದರೆ ಬೆಚ್ಚಿಬೀಳುತ್ತೀರಿ. ಅದು ನಕಲಲ್ಲ, ಅವರ ಗಂಟಲೇ ಹಾಗಿದೆ. ಅದನ್ನು ಬೇರೆಯಾಗಿ ಕೇಳಿಸುತ್ತೇನೆ ಅಂತ ಇಕ್ಯು ತಿರುಚುವುದೂ ತಪ್ಪೇ. ಇನ್ನೊಬ್ಬ ಮಗ ಬಿಗ್ ಬಿಲ್ ಮಾರ್ಗನ್‌ಫೀಲ್ಡ್ ಫ್ಲಾರಿಡಾದಲ್ಲಿ ಅಜ್ಜಿಯ ಹತ್ತಿರ ಬೆಳೆದು ಶಾಲೆಯಲ್ಲಿ ಮೇಷ್ಟ್ರಾಗಿದ್ದರು. 1983ರಲ್ಲಿ ಅಪ್ಪ ತೀರಿಕೊಂಡ ಮೇಲೆ ಗಿಟಾರ್ ಕೊಂಡು, ವರ್ಷಗಟ್ಟಲೆ ಕೂತು ಕಲಿತರು. 1999ರ ಅವರ ಆಲ್ಬಮ್ಮಿನಲ್ಲಿ ಅಪ್ಪನ ಹಳೆಯ ಜೊತೆಗಾರರೇ ನುಡಿಸಿದ್ದಾರೆ. ಅಪ್ಪ ಇದ್ದಾಗ ಸಿಗದ ಪಾಠವನ್ನು ಅವರು ಅಪ್ಪನ ಬ್ಯಾಂಡಿನಿಂದ ತಗೊಂಡರು. ಅಪ್ಪನ ಹೆಸರು ಉಳಿಸಬೇಕು ಅಂತ ಊರೆಲ್ಲ ಹೇಳುತ್ತದೆ. ಹೇಗೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ, ಅದನ್ನು ಡೆಸ್ಕಿನ ಹಿಂದೆ ಕೂತು ನಾವು ತೀರ್ಮಾನ ಮಾಡಬಾರದು.

ಬ್ಲೂಸ್ ರಾಣಿ ಅಂತ ಜನ ಕರೆಯುತ್ತಿದ್ದ ಕೊಕೊ ಟೇಲರ್ 2009ರಲ್ಲಿ ತೀರಿಕೊಂಡರು. 2011ರ ಶಿಕಾಗೋ ಬ್ಲೂಸ್ ಹಬ್ಬದಲ್ಲಿ ಕೊಕೊ ಅವರ ಮಗಳೇ ಅಮ್ಮನ ಕಿರೀಟವನ್ನು ತಂದು ಶಮೀಕಿಯಾಗೆ ಕೊಟ್ಟರು. ಒಬ್ಬ ಮಗಳು ಇನ್ನೊಬ್ಬ ಮಗಳಿಗೆ! ಅದೇ ವರ್ಷ ಫೆಬ್ರವರಿಯಲ್ಲಿ ಮುಂಬೈಯ ಮೆಹಬೂಬ್ ಸ್ಟುಡಿಯೋದಲ್ಲಿ ಮಹೀಂದ್ರಾ ಬ್ಲೂಸ್ ಹಬ್ಬ ಮೊದಲ ಸಲ ನಡೆದಾಗಲೂ ಅವರು ಹಾಡಿದ್ದರು. ಓದುವವರಲ್ಲಿ ಯಾರಾದರೂ ಅಲ್ಲಿ ಇದ್ದಿರಬಹುದು.

ಕೇಳಿಲ್ಲದವರು 1998ರ ಮೊದಲ ಆಲ್ಬಮ್ಮಿನಿಂದ ‘ಘೆಟ್ಟೊ ಚೈಲ್ಡ್’ ಕೇಳಿ, ಆಮೇಲೆ ನೇರ 2020ಕ್ಕೆ ಬಂದು ಕ್ಲೊಟಿಲ್ಡಾ ಹಾಡು ಕೇಳಿ. ಸಾಧ್ಯವಾದರೆ ಇಯರ್‌ಫೋನ್ ಬೇಡ, ಸ್ಪೀಕರಿನಲ್ಲಿ ಹಾಕಿ. ಜಾನಿ ಅವರದ್ದನ್ನು ಆಮೇಲೆ ಕೇಳಿದರಾಯಿತು.